ಮಾರುವ ಮನೆಗೊಂದು ಚಪ್ಪರ

ಬನಶಂಕರಿ ಎರಡನೇ ಹಂತ, ಬೆಂಗಳೂರು
೧೯ ನವೆಂಬರ್ ೨೦೨೫, ಬುಧವಾರ

ಮಧುಶ್ರೀಯ ಅಪ್ಪನವರಿಗೆ ಪುಟ್ಟಲಕ್ಷ್ಮಿ ಮಾಡುವ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ನನ್ನ ಮೊಣಕಾಲು ಹೋದ ವರ್ಷದಷ್ಟೇ ನೋಯುತ್ತಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಫೋನು ಮಾಡಬಹುದಿತ್ತಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನಾನು ಮಧು ಅಂದ ಕೂಡಲೇ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ಹುಳಿಮಾವಿನಲ್ಲಿ ಇಡೀ ಊರಿಗೆ ಸಿಗುವ ಸಿಗ್ನಲ್ ನಿಮ್ಮ ಶಾಮಿಯಾನ ಗೋಡೌನಿಗೆ ಆ ಒಂದು ಹೆಸರು ಬಂದಾಗ ಮಾತ್ರ ಸಿಗುವುದಿಲ್ಲ. ಕಾಗದಕ್ಕೆ ಸಿಗ್ನಲ್ ಬೇಡ. ಪೇಂಟರ್ ಮುನಿಯಣ್ಣ ನಿಮ್ಮ ಕಡೆಯವನೇ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಪೂರ್ತಿ ಓದುವ ತನಕ ಜಾಗ ಬಿಡಬೇಡ ಅಂತ ಅವನಿಗೆ ಹೇಳಿದ್ದೇನೆ. ಒಂದು ಟೀ ಕೊಡಿಸಿ, ಪಾಪ.

ಮೊದಲು ಮನೆ ಮಾರಾಟದ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ. ಯುಗಾದಿಯ ಮಾರನೆಯ ದಿನ ನಿಮ್ಮ ಅಣ್ಣ ಪಿಳ್ಳಣ್ಣ ಭಾವ ಬಂದು, "ಮನೆ ಮಾರ್ಬಿಡಿ ಅಂತ ಹೇಳ್ದ ಕಣಮ್ಮ. ಅರ್ಧ ನಿಂಗೆ, ಅರ್ಧ ಅವ್ನಿಗೆ. ಅವ್ನು ಹುಳಿಮಾವಲ್ಲೇ ಇರ್ತಾನಂತೆ" ಅಂತ ನಿಮ್ಮ ಮಾತು ಒಪ್ಪಿಸಿದಾಗ ನಾನು ಹೂಂ ಅಂದೆ. ಬಾಯಿ ಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಒಪ್ಪಿದ್ದೆ. ನೀವು ಗೋಡೌನಿನ ಮೇಲಿನ ಒಂದು ರೂಮಿನಲ್ಲಿ, ನಾನು ಇಲ್ಲಿ ಮೂರು ರೂಮಿನಲ್ಲಿ. ಒಬ್ಬಳೇ ಗುಡಿಸಿ ಒರೆಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಆದರೆ ದೀಪಾವಳಿಯ ತನಕ ಹನ್ನೊಂದು ಪಾರ್ಟಿ ಬಂದು ನೋಡಿ ಹೋದರೂ ಒಬ್ಬರೂ ಎರಡನೇ ಸಲ ಬರಲಿಲ್ಲ.

ಹಬ್ಬ ಕಳೆದ ಮೇಲೆ ಬ್ರೋಕರ್ ದೇವದಾಸ್ ಬಂದು ನನ್ನನ್ನು ಎದುರು ಫುಟ್‌ಪಾತಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. "ಅಕ್ಕ, ಇದು ನಿಮ್ಮನೆ ಅಂತ ಮರ್ತ್ಬಿಡಿ. ಫಸ್ಟ್ ಟೈಮ್ ನೋಡ್ತಿದೀನಿ ಅನ್ಕೊಳಿ. ಏನನ್ಸುತ್ತೆ?" ಅಂದ. ನೋಡಿದೆ. ಗೇಟು ತುಕ್ಕು ಹಿಡಿದು ಕೆಳಗಿನ ಎರಡು ಪಟ್ಟಿ ಉದುರಿಹೋಗಿತ್ತು. ಕಾಂಪೌಂಡಿನ ಮೇಲೆ ಟ್ಯೂಷನ್, ಪಿ.ಜಿ., ಮೂಲವ್ಯಾಧಿ, ಎಲ್ಲದರ ಚೀಟಿ. ಅದಕ್ಕೆ ಒರಗಿಸಿ ನೀವು ಬಿಟ್ಟು ಹೋದ ಬಿದಿರು ಗಳ, ಹರಿದ ಶಾಮಿಯಾನ ಬಟ್ಟೆಯ ಗಂಟು, ಕಾಲು ಮುರಿದ ಕಬ್ಬಿಣದ ಕುರ್ಚಿಗಳು. ಇಡೀ ಬನಶಂಕರಿಯ ಮನೆಗಳ ಮುಂದೆ ಚಪ್ಪರ ಹಾಕಿ ಸೀರಿಯಲ್ ಲೈಟ್ ಬಿಟ್ಟವರ ಮನೆ ಇದು ಅಂದರೆ ಯಾರು ನಂಬುತ್ತಾರೆ? ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ನಾಚಿಕೆಯಾಯಿತು, ಜೊತೆಗೆ ನಿಮ್ಮ ಮೇಲೆ ಸಿಟ್ಟೂ ಬಂತು.

"ಒಳಗೆ ಸಖತ್ತಾಗಿದೆ ಅಕ್ಕ, ಮುಂದ್ಗಡೆ ಲುಕ್ಕೇ ಇಲ್ಲ. ಪಾರ್ಟಿ ಕಾರಿಂದ ಇಳಿಯೋಕ್ ಮುಂಚೆನೇ ಬೇಡ ಅಂತ ಡಿಸೈಡ್ ಮಾಡ್ಬಿಟ್ಟಿರ್ತಾರೆ" ಅಂತ ಅವನು ಹೇಳಿದ. ಸರಿಯಪ್ಪ ಅಂತ ಸೆರಗು ಸಿಕ್ಕಿಸಿಕೊಂಡು ನಿಂತೆ. ಕುರ್ಚಿ, ಬಟ್ಟೆ, ಸೀಳಿದ ಗಳ ಎಲ್ಲ ಗುಜರಿಗೆ ಹಾಕಿದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ, ಇರಲಿ ಬಿಡು ಯಾವತ್ತಾದರೂ ಬೇಕಾಗುತ್ತೆ ಅನ್ನುತ್ತಿದ್ದಿರಿ. ಗಟ್ಟಿಯಾಗಿದ್ದ ನಾಲ್ಕು ಗಳಗಳನ್ನು ಮಾತ್ರ ಯಾಕೋ ಕೊಡಲು ಮನಸ್ಸಾಗದೆ ಮೆಟ್ಟಿಲ ಕೆಳಗೆ ತಳ್ಳಿದೆ. ಗೇಟಿಗೆ ವೆಲ್ಡಿಂಗ್ ಆಯಿತು. ಮುನಿಯಣ್ಣ ಮೂರು ದಿನ ಕೆರೆದು ಕೆರೆದು ನಿಮ್ಮ ಪಿಸ್ತಾ ಹಸಿರನ್ನು ತೆಗೆದ. ಈಗ ಎಲ್ಲರ ಮನೆಗೂ ಬೂದು ಬಣ್ಣವೇ ಅಂತೆ. ಇದೇನಪ್ಪ ಎಮ್ಮೆ ಬಣ್ಣ ಅಂದರೆ, "ಎಮ್ಮೆ ಅಲ್ಲ ಅಕ್ಕ, ಆನೆ. ಡಬ್ಬದ ಮೇಲೆ ಬರ್ದೈತೆ ನೋಡಿ" ಅಂದ. ಸಂಜೆ ಬಿಸಿಲಿನಲ್ಲಿ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ.

ಇನ್ನು ಅಂಗಳದ ನಾಲ್ಕು ಗುಣಿಯ ವಿಷಯ. ಒಂದರ ಮುಚ್ಚಳ ಒಡೆದಿತ್ತು, ದೇವದಾಸನ ಶೂ ಅದರೊಳಗೆ ಸಿಕ್ಕಿಕೊಂಡಿತು. "ಇದೇನಕ್ಕ, ಅಂಗಳದ ತುಂಬ ತೂತು? ಪಾರ್ಟಿ ಎಡವಿ ಬಿದ್ರೆ ಕಥೆ ಮುಗೀತು. ಸಿಮೆಂಟ್ ಹಾಕ್ಸಿ ಮುಚ್ಚಿಸ್ಬಿಡಿ" ಅಂದ. ಅವನಿಗೇನು ಗೊತ್ತು. ಈ ಮನೆ ಕಟ್ಟಿದಾಗ ಮಧುಗೆ ಮೂರು ವರ್ಷ. ಅಂಗಳಕ್ಕೆ ಚಪ್ಪಡಿ ಹಾಸುವ ದಿನ ನೀವು ಮೇಸ್ತ್ರಿಯನ್ನು ತಡೆದು, ಅಂಗಡಿಯಿಂದ ಗಳ ತರಿಸಿ ಅಳತೆ ಹಿಡಿದು, ನಾಲ್ಕು ಮೂಲೆಗೆ ಮೊಣಕೈ ಆಳದ ನಾಲ್ಕು ಗುಣಿ ಬಿಡಿಸಿದಿರಿ. ಮದುವೆ ಚಪ್ಪರಕ್ಕೆ ಪ್ರತಿ ಸಲ ಅಂಗಳ ಅಗೆಯುವುದು ಬೇಡ ಅಂತ ಕದಿರೇನಹಳ್ಳಿಯ ನಿಮ್ಮ ಹಳೆಯ ಮನೆಯಲ್ಲಿ ಹಾಗೆ ಬಿಟ್ಟಿದ್ದರು. ಮೇಸ್ತ್ರಿ ನಕ್ಕು, "ಮಗೂಗಿನ್ನೂ ಹಾಲ್ಹಲ್ಲು, ಈಗ್ಲೇ ಚಪ್ಪರಾನಾ ಸಾರ್?" ಅಂದಿದ್ದ. "ಊರಿಗೆಲ್ಲ ನಾನು ಹಾಕ್ತೀನಿ, ನನ್ ಮಗಳ ಚಪ್ಪರಕ್ಕೆ ನಾನ್ ರೆಡಿ ಇರ್ಬೇಡ್ವಾ?" ಅಂದಿದ್ದಿರಿ ನೀವು. ಮಧು ಆ ಗುಣಿಗಳಲ್ಲಿ ಹುಣಸೆ ಬೀಜ, ಗೋಲಿ, ಒಂದು ಸಲ ನನ್ನ ಕಾಲುಂಗುರ ಕೂಡ ಹಾಕಿ ಮುಚ್ಚಿಟ್ಟಿದ್ದಳು. ನೀವು ಒಂದು ದಿನವೂ ಗದರಲಿಲ್ಲ. ಕೈ ಹಾಕಿ ಒಂದೊಂದೇ ತೆಗೆದು, "ಅವು ನಿನ್ ಮದ್ವೆ ಗುಣಿ ಕಣವ್ವ, ತುಂಬಿಸ್ಬೇಡ" ಅನ್ನುತ್ತಿದ್ದಿರಿ. ಮುನಿಯಣ್ಣ ಮುಚ್ಚಲೆಂದು ಸಿಮೆಂಟು ಕಲಸಿಕೊಂಡು ಬಂದ. ಅದನ್ನು ಗೇಟಿನ ಕಂಬದ ಬಿರುಕಿಗೆ ಹಾಕಿಸಿ ಅವನನ್ನು ಕಳಿಸಿದೆ.

ಇಷ್ಟು ಅಲಂಕಾರವಾದ ಮೇಲೆ ಒಂದು ಪಾರ್ಟಿ ಬಂತು. ಗಂಡ ಹೆಂಡತಿ ಇಬ್ಬರಿಗೂ ಮನೆ ಹಿಡಿಸಿತು. ಹೋಗುವಾಗ ಆ ಹೆಂಗಸು ಪಕ್ಕದ ಮನೆ ನಾಗಲಕ್ಷ್ಮಮ್ಮನ ಹತ್ತಿರ ಹತ್ತು ನಿಮಿಷ ಮಾತಾಡಿದಳು. ಅಲ್ಲಿಗೆ ಮುಗಿಯಿತು. ನಾಗಲಕ್ಷ್ಮಮ್ಮ ಕೆಟ್ಟವಳಲ್ಲ, ಕೇಳಿದರೆ ಹೇಳದೆ ಇರಲಾರಳು, ಅಷ್ಟೆ. ಯಜಮಾನರು ಬಿಟ್ಟು ಹೋಗಿದ್ದಾರೆ, ಇದ್ದ ಒಬ್ಬಳು ಮಗಳ ಮದುವೆಯೂ ಈ ಮನೆಯಿಂದ ಆಗಲಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. "ಅಯ್ಯೋ, ಹಾಗಾದ್ರೆ ಮನೆ ಆಗ್ಬಂದಿಲ್ಲ" ಅಂದಳಂತೆ ಆ ಹೆಂಗಸು. ನಮ್ಮ ಜನ ಸೋರುವ ಮನೆಯನ್ನಾದರೂ ಕೊಳ್ಳುತ್ತಾರೆ, ಆಗಿಬರದ ಮನೆಯನ್ನು ಮಾತ್ರ ಮುಟ್ಟುವುದಿಲ್ಲ. ಆ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. ಈ ಮನೆ ನಮಗೇನು ಕೇಡು ಮಾಡಿತ್ತು ಹೇಳಿ. ಮಾಡಿಕೊಂಡದ್ದೆಲ್ಲ ನಾವು.

ಆಗ ದೇವದಾಸ್ ಒಂದು ಉಪಾಯ ಹೇಳಿದ. ಮನೆ ಮುಂದೆ ಒಂದು ಹಸಿರು ಚಪ್ಪರ ಹಾಕಿಸಿ, ಬಾಳೆಕಂಬ ಮಾವಿನ ಸೊಪ್ಪು ಕಟ್ಟಿಸಿ, ಒಂದು ವಾರ ತೆಗೆಯದೆ ಬಿಡಬೇಕು. ನೋಡಿದವರು ತಾವಾಗಿಯೇ ಕಥೆ ಕಟ್ಟಿಕೊಳ್ಳುತ್ತಾರೆ, ಮಗಳ ಮದುವೆ ಮಾಡಿದ ಮನೆ, ಜವಾಬ್ದಾರಿ ಮುಗಿಯಿತು, ಅದಕ್ಕೆ ಮಾರುತ್ತಿದ್ದಾರೆ ಅಂತ. ನನಗೂ ಸರಿ ಅನ್ನಿಸಿತು. ನಿಮ್ಮ ಅಂಗಡಿಗೇ ಹೇಳೋಣ ಅಂತ ಫೋನು ಕೈಗೆ ತೆಗೆದುಕೊಂಡು ಹಾಗೇ ಇಟ್ಟೆ. ನಿಜವಾದ ಚಪ್ಪರಕ್ಕೆ ಬಾರದವರನ್ನು ಸುಳ್ಳು ಚಪ್ಪರಕ್ಕೆ ಕರೆಯಲು ನಾಲಗೆ ಏಳಲಿಲ್ಲ. ಕತ್ರಿಗುಪ್ಪೆಯ ಒಬ್ಬರಿಗೆ ಹೇಳಿದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಇಬ್ಬರು ಬಂದರು. "ಪೈಪ್ ನಿಲ್ಸಿ ಮೇಲೆ ಗರಿ ಹಾಕ್ತೀವಿ ಮೇಡಂ, ಅರ್ಧ ಗಂಟೆ ಕೆಲ್ಸ" ಅಂದರು. ಪೈಪು ಬೇಡ ಅಂತ ಮೆಟ್ಟಿಲ ಕೆಳಗಿನ ಗಳ ತೆಗೆಸಿದೆ, ಗುಣಿ ತೋರಿಸಿದೆ. ಮೊದಲನೇ ಗಳ ಇಳಿದು ತಳ ಮುಟ್ಟಿದ ಸದ್ದಿಗೆ ನಾನು ಮೆಟ್ಟಿಲಿಳಿದು ಹತ್ತಿರ ಬಂದೆ. ನಾಲ್ಕೂ ನಿಂತವು. ಬೆಣೆ ಬೇಕಾಗಲಿಲ್ಲ, ಕಲ್ಲು ಬೇಕಾಗಲಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. "ಯಾರ್ ಬಿಡ್ಸಿದ್ದು ಮೇಡಂ ಇದು? ಪಕ್ಕಾ ಕೆಲ್ಸ" ಅಂದ ಅವರಲ್ಲೊಬ್ಬ. ನಮ್ಮ ಯಜಮಾನರು ಅಂದೆ. ಅವರು ಅತ್ತ ಹೋದ ಮೇಲೆ ನಾಲ್ಕು ಕಂಬಕ್ಕೂ ಅರಿಸಿನ ಕುಂಕುಮ ಹಚ್ಚಿದೆ. ಸುಳ್ಳಾದರೇನು, ಚಪ್ಪರ ಚಪ್ಪರವೇ. ನಾಗಲಕ್ಷ್ಮಮ್ಮ ಕಾಂಪೌಂಡಿನ ಮೇಲೆ ಗಲ್ಲ ಇಟ್ಟು, "ಕೆಂಪರಾಜಣ್ಣ ಮನೆಗ್ ವಾಪಸ್ ಬಂದ್ರೇನಮ್ಮ? ಯಾರ್ದಮ್ಮ ಮದ್ವೆ?" ಅಂದಳು. "ನಮ್ಮ ಮಧುದು" ಅಂದೆ. "ಅದು ಆಗಿ ಮೂರ್ ವರ್ಷ ಮೇಲಾಯ್ತಲ್ಲೇ." "ಮದ್ವೆ ಆಗಿದೆ, ಚಪ್ಪರ ಬಾಕಿ ಇತ್ತು" ಅಂದೆ. ಅವಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉಪಾಯ ಫಲಿಸಿತು ಅಂತಲೇ ಹೇಳಬೇಕು. ನಿನ್ನೆ ದೇವದಾಸ್ ಜಯನಗರದ ಒಂದು ಪಾರ್ಟಿಯನ್ನು ಕರೆತಂದ. ಅವರ ಮನೆಯ ಅಜ್ಜಿಯೊಬ್ಬರು ಕಾರಿಂದ ಇಳಿದು ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ, "ಎಷ್ಟ್ ಲಕ್ಷಣವಾಗಿದೆ, ಶುಭಕಾರ್ಯ ಆದ್ ಮನೆ" ಅಂದರು. ಒಳಗೆ ಬಂದು ಕೂತವರು ಏಳಲೇ ಇಲ್ಲ. ಬರುವ ವಾರ ಅಡ್ವಾನ್ಸ್ ಕೊಡುತ್ತಾರಂತೆ, ನಮ್ಮಿಬ್ಬರ ಸಹಿಯೂ ಬೇಕಂತೆ. ದೇವದಾಸ್ ಹೋಗುವಾಗ ಚಪ್ಪರವನ್ನೇ ನೋಡುತ್ತ, "ಅಕ್ಕ, ನೀವು ಬ್ರೋಕರ್ ಆಗ್ಬೇಕಿತ್ತು" ಅಂದ. ಮನೆ ಮಾರಾಟದ ವಿಷಯ ಇಷ್ಟು.

ಈಗ ಕಷ್ಟದ ವಿಷಯ. ದಯವಿಟ್ಟು ಕಾಗದ ಮಡಿಸಬೇಡಿ, ಮುನಿಯಣ್ಣ ನೋಡುತ್ತಿರುತ್ತಾನೆ.

ಮಧು ಪ್ರತಿ ಸೋಮವಾರ ಕ್ಲಿನಿಕ್ಕಿನಿಂದ ಹೋಗುವಾಗ ನನ್ನ ಮೊಣಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಾಳೆ. ಮೊನ್ನೆ ಚಪ್ಪರ ಎದ್ದ ಸಂಜೆಯೂ ಬಂದಳು. ಸ್ಕೂಟರ್ ನಿಂತ ಸದ್ದಾಯಿತು, ಗೇಟು ತೆಗೆದ ಸದ್ದಾಗಲಿಲ್ಲ. ನಾನು ಬಾಗಿಲಿಗೆ ಬಂದೆ. ಹೆಲ್ಮೆಟ್ ಕೂಡ ತೆಗೆಯದೆ ಗೇಟಿನ ಆಚೆ ನಿಂತಿದ್ದಾಳೆ. ಮೇಲಿನ ಗರಿ ನೋಡಲಿಲ್ಲ ಅವಳು, ಬಾಳೆಕಂಬ ನೋಡಲಿಲ್ಲ. ನೆಲ ನೋಡುತ್ತಿದ್ದಳು, ಕಂಬಗಳು ಗುಣಿಯಲ್ಲಿ ನಿಂತಿರುವುದನ್ನು. ಆ ಗುಣಿ ಯಾತಕ್ಕೆ ಅಂತ ಗೊತ್ತಿರುವುದು ಲೋಕದಲ್ಲಿ ಮೂರೇ ಜನಕ್ಕೆ. "ಅಮ್ಮ, ಅಪ್ಪ ಬಂದಿದ್ರಾ?" ಅಂದಳು.

ಇಲ್ಲ ಕಣೆ, ಇದು ಮನೆ ಮಾರಲು ಹಾಕಿಸಿದ ನಾಟಕದ ಚಪ್ಪರ ಅಂತ ಹೇಳಬೇಕಿತ್ತು. ಬಾಯಿ ತೆರೆದೆ. ಹೂಂ ಅಂತ ಬಂತು.

ಒಳಗೆ ಬಂದು ಒಂದೊಂದು ಕಂಬವನ್ನೂ ಮುಟ್ಟಿದಳು. ಒಂದರ ಹತ್ತಿರ ಬಗ್ಗಿ ಕಟ್ಟನ್ನು ಬೆರಳಿನಿಂದ ಮೀಟಿ, "ಅಪ್ಪ ಯಾವಾಗಿಂದ ಪ್ಲಾಸ್ಟಿಕ್ ದಾರ ಕಟ್ಟೋಕ್ ಶುರು ಮಾಡಿದ್ರು?" ಅಂದಳು. ನೀವು ತೆಂಗಿನ ಹುರಿ ಬಿಟ್ಟು ಬೇರೆ ಮುಟ್ಟುವುದಿಲ್ಲ ಅಂತ ಅವಳಿಗೆ ಗೊತ್ತಿಲ್ಲವೇ. "ಈಗಿನ ಕಾಲಕ್ಕೆ ಹುರಿ ಎಲ್ ಸಿಗುತ್ತೆ" ಅಂದೆ. ನನ್ನ ಮುಖ ನೋಡಿದಳು. "ಹೌದಾ" ಅಂದಳು, ಅಷ್ಟೆ. ಅವಳು ನಂಬಿದಳೋ, ನನಗೋಸ್ಕರ ನಂಬಿದ ಹಾಗೆ ಮಾಡಿದಳೋ, ಇನ್ನೂ ನನಗೆ ಗೊತ್ತಾಗಿಲ್ಲ. ಆಮೇಲೆ ಚಪ್ಪರದ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು, ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ. ಮೊಣಕಾಲಿನ ವ್ಯಾಯಾಮ ಮರೆತಳು. ನಕ್ಕಳು, ಕಣ್ಣು ಒರೆಸಿಕೊಂಡಳು, ಗಂಡ ಸಿದ್ಧಾರ್ಥನಿಗೆ ಫೋನು ಮಾಡಿ, "ಅಪ್ಪ ಚಪ್ಪರ ಹಾಕಿದಾರೆ ಕಣೋ, ಮೆಟ್ರೊ ಡ್ಯೂಟಿ ಮುಗ್ಸಿ ನೇರ ಇಲ್ಲಿಗ್ ಬಾ" ಅಂದಳು. ಅವನು ಬಂದು ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತ. ಅವರಿಬ್ಬರಿಗೂ ಅಲ್ಲೇ ಚಿತ್ರಾನ್ನ ಬಡಿಸಿದೆ. ಮಗಳ ಮದುವೆ ಊಟ ನಾನು ಬಡಿಸಿದ್ದು ಹಾಗೆ.

ನಿಮಗೆ ಆ ಮೇ ತಿಂಗಳು ನೆನಪು ಮಾಡುವ ಆಸೆ ನನಗಿಲ್ಲ, ಆದರೂ ಬರೆಯದೆ ಮುಂದೆ ಹೋಗಲು ಆಗುವುದಿಲ್ಲ. ಹನುಮಂತನಗರದ ಸಂಜೀವಯ್ಯ ಮೇಷ್ಟ್ರ ಮಗನನ್ನು ಮದುವೆಯಾಗುತ್ತೇನೆ ಅಂತ ಮಧು ಹೇಳಿದಾಗ ನೀವು ಮೊದಲು ಸುಮ್ಮನೆ ಇದ್ದಿರಿ. ಅವರು ಬೌದ್ಧರು, ಹಿಂದೆ ಯಾವ ಜಾತಿ ಅಂತ ಪಿಳ್ಳಣ್ಣ ಭಾವ ವಿಚಾರಿಸಿಕೊಂಡು ಬಂದ ಮೇಲೆ, ನೆಂಟರ ಎದುರಿಗೆ ಎದ್ದು ನಿಂತು, "ಈ ಮನೆ ಮುಂದೆ ಚಪ್ಪರ ಏಳಲ್ಲ" ಅಂದಿರಿ. ಅವಳ ಮದುವೆಯ ದಿನ ನೀವು ಗಿರಿನಗರದಲ್ಲಿ ಯಾರದೋ ಮಗಳಿಗೆ ಚಪ್ಪರ ಕಟ್ಟುತ್ತಿದ್ದಿರಿ. ನಾನು ಒಬ್ಬಳೇ ಆಟೊ ಹಿಡಿದು ಹನುಮಂತನಗರಕ್ಕೆ ಹೋದೆ. ತಿರುಗಿ ಬಂದಾಗ ಬೀರುವಿನಲ್ಲಿ ನಿಮ್ಮ ಬಟ್ಟೆ ಇರಲಿಲ್ಲ.

ನಾನು ನಿಮಗಿಂತ ದೊಡ್ಡ ಮನಸ್ಸಿನವಳು ಅಂತ ಹೇಳಿಕೊಳ್ಳಲು ಇದನ್ನೆಲ್ಲ ಬರೆಯುತ್ತಿಲ್ಲ. ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಮದುವೆಗೆ ಮುಂಚೆ ಮೊದಲ ಸಲ ಅವರ ಮನೆಗೆ ಹೋದಾಗ ಸಿದ್ಧಾರ್ಥನ ಅಮ್ಮ ಗೋವಿಂದಮ್ಮ ಕಾಫಿ ಕೊಟ್ಟರು. ನಾನು ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಲೋಟ ಪಕ್ಕಕ್ಕಿಟ್ಟೆ. ಆರಿಹೋಯಿತು. ಅವರು ಲೋಟ ಎತ್ತಿಕೊಂಡು ಒಳಗೆ ಹೋದರು. ಅವರಿಗೆ ಅರ್ಥವಾಗಿತ್ತು, ಅರ್ಥವಾಯಿತು ಅಂತ ನನಗೂ ಗೊತ್ತಾಯಿತು. ಆ ಮುಖ ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ. ಎರಡನೇ ಸಲ ಹೋದಾಗ ಅವರು ಕೊಡಲಿಲ್ಲ. ಮೂರನೇ ಸಲ ನಾನೇ ಎದ್ದು ಅವರ ಅಡುಗೆಮನೆಗೆ ಹೋಗಿ ಲೋಟ ತೆಗೆದುಕೊಂಡು ಕಾಫಿ ಬಗ್ಗಿಸಿಕೊಂಡು ಕುಡಿದೆ. ತಪ್ಪಾಯಿತು ಅನ್ನಬೇಕಿತ್ತು, ಅನ್ನಲು ಆಗದೆ ಸಕ್ಕರೆ ಕಮ್ಮಿ ಅಂದೆ. ಅವರು ನಕ್ಕು ಡಬ್ಬ ಮುಂದೆ ತಳ್ಳಿದರು. ಅಷ್ಟಕ್ಕೇ ಮುಗಿಯಿತು. ನಾನು ಆರು ತಿಂಗಳು ಹೆದರಿಕೊಂಡಿದ್ದ ಕೆಲಸ ಒಂದು ಚಮಚ ಸಕ್ಕರೆಗೆ ಮುಗಿದುಹೋಯಿತು. ನಿಮಗೂ ಅಷ್ಟೇ ಆಗುತ್ತದೆ ಅಂತ ನನ್ನ ನಂಬಿಕೆ.

ಸೋಮವಾರ ಸಿದ್ಧಾರ್ಥ ಅಲ್ಲಿಂದಲೇ ಮನೆಗೆ ಸುದ್ದಿ ಮುಟ್ಟಿಸಿದ. ಗೋವಿಂದಮ್ಮ ನನ್ನನ್ನೇ ಫೋನಿಗೆ ಕರೆದು, "ಬೀಗ್ರು ಚಪ್ಪರ ಹಾಕಿದ್ ಮೇಲೆ ನಾವ್ ಬರ್ದೇ ಇದ್ರೆ ಚೆನ್ನಾಗಿರಲ್ಲ. ಭಾನ್ವಾರ ಇರ್ತಾರಾ ಅವ್ರು?" ಅಂತ ಕೇಳಿದರು. ಮಧು ನನ್ನನ್ನೇ ನೋಡುತ್ತಿದ್ದಳು. "ಇರ್ತಾರೆ, ಬನ್ನಿ" ಅಂದುಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಎರಡು. ಆದರೂ ಸೋಮವಾರದಿಂದ ಅನ್ನ ಇಳಿಯುತ್ತಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ನಾಲ್ಕು ಜನವೂ ಬರುತ್ತಾರೆ. ನೀವು ಇಲ್ಲದಿದ್ದರೆ ಅಪ್ಪ ಎರಡನೇ ಸಲ ಬರಲಿಲ್ಲ ಅಂತ ಆಗುತ್ತದೆ. ಮೊದಲನೇ ಸಲ ಅವಳು ಹೇಗೋ ತಡೆದುಕೊಂಡಳು. ಎರಡನೇ ಸಲ ಅತ್ತೆ ಮಾವನ ಎದುರಿಗೆ, ಖಾಲಿ ಚಪ್ಪರದ ಕೆಳಗೆ ನಿಲ್ಲಬೇಕು, ಅದೂ ನಾನು ಆಸೆ ಹುಟ್ಟಿಸಿ ನಿಲ್ಲಿಸಿದಂತೆ. ಆ ತಪ್ಪನ್ನು ನಾನು ಹೊರಲಾರೆ. ಅದಕ್ಕೇ ಈ ಕಾಗದ, ಇಷ್ಟು ಉದ್ದ ಸುತ್ತಿ ಬಂದದ್ದು ಇದೊಂದು ಮಾತಿಗೆ. ಬನ್ನಿ.

ಆಡಿದ ಮಾತು ಅಂತ ನೀವು ಕೂತಿದ್ದೀರಿ, ನನಗೆ ಗೊತ್ತು. ಈ ಮನೆ ಮುಂದೆ ಚಪ್ಪರ ಏಳುವುದಿಲ್ಲ ಅಂದಿರಿ. ಎದ್ದಾಯಿತು. ಎಬ್ಬಿಸಿದವಳು ನಾನು. ಮುರಿದದ್ದು ನಿಮ್ಮ ಮಾತೇ ಆದರೂ ಮುರಿದವರು ನೀವಲ್ಲ, ಪಿಳ್ಳಣ್ಣ ಭಾವ ಕೇಳಿದರೆ ಹಾಗೇ ಹೇಳಿ. ಬಂದು ನೀವು ಯಾರ ಹತ್ತಿರವೂ ಏನೂ ಮಾತಾಡಬೇಕಾಗಿಲ್ಲ. ಬಚ್ಚಲ ಕಡೆಯ ಮೂಲೆಯಲ್ಲಿ ಗರಿ ಜಾರಿದೆ, ಕತ್ರಿಗುಪ್ಪೆಯವರ ಕೆಲಸ ನೋಡಿದರೆ ನಿಮಗೆ ಮೈ ಉರಿಯುತ್ತದೆ. ಹುರಿ ತಂದು ಏಣಿ ಹತ್ತಿ ಅದನ್ನು ಬಿಚ್ಚಿ ಕಟ್ಟುತ್ತ ನಿಂತರೂ ಸಾಕು. ಏಣಿಯನ್ನು ಸಿದ್ಧಾರ್ಥ ಹಿಡಿದುಕೊಳ್ಳುತ್ತಾನೆ. ಅವನದೂ ನಿಮ್ಮ ಹಾಗೆ ಮಾತು ಕಮ್ಮಿ, ಇಬ್ಬರಿಗೂ ತೊಂದರೆಯಿಲ್ಲ.

ಮನೆ ಮಾರುವುದರಲ್ಲಿ ಬದಲಾವಣೆ ಇಲ್ಲ. ಬರುವ ವಾರ ನೀವು ಹೇಳಿದ ಕಡೆ ಬಂದು ಸಹಿ ಹಾಕುತ್ತೇನೆ. ಬೇರೆಯವರ ಅಂಗಳವಾಗುವ ಮುಂಚೆ ನಮ್ಮ ಮಗಳು ಅಲ್ಲಿ ಒಂದು ಸಲ ಅಪ್ಪನ ಜೊತೆ ನಿಲ್ಲಲಿ, ನನಗೆ ಬೇಕಾದದ್ದು ಅಷ್ಟೇ. ನಮ್ಮಿಬ್ಬರ ವಿಷಯ ಈ ಕಾಗದದಲ್ಲಿ ಇಲ್ಲ. ನಿಮ್ಮ ಮೇಲಿನ ಸಿಟ್ಟು ಮೂರೂವರೆ ವರ್ಷದಲ್ಲಿ ಒಂದು ಚೂರೂ ಇಳಿದಿಲ್ಲ. ಎದುರಿಗೆ ನಿಂತು ಬೈಸಿಕೊಳ್ಳುವವರಿಲ್ಲದೆ ಇಳಿಯುವುದಾದರೂ ಹೇಗೆ. ಒಬ್ಬಳಿಗೇ ಅಡುಗೆ ಮಾಡಿ ಮಾಡಿ ಕೈ ಅಳತೆ ಕೆಟ್ಟಿದೆ, ಸಾರು ದಿನವೂ ಮಿಗುತ್ತದೆ. ಈ ಮಾತು ಯಾಕೆ ಬರೆದೆನೋ ಗೊತ್ತಿಲ್ಲ, ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ ಅಂತ ಬಿಟ್ಟಿದ್ದೇನೆ.

ಅವರು ಹತ್ತಕ್ಕೆ ಬರುತ್ತಾರೆ. ನೀವು ಎಂಟಕ್ಕೇ ಬನ್ನಿ, ತಿಂಡಿ ತಿಂದು ಕೆಲಸ ಶುರು ಮಾಡುವಿರಂತೆ.

ಸದ್ಯಕ್ಕೆ ಇದೇ ವಿಳಾಸದಲ್ಲಿರುವ,
ನಿಮ್ಮ
ಪುಟ್ಟಲಕ್ಷ್ಮಿ

ತಾ.ಕ.: ಚಪ್ಪರದ ಉಪಾಯ ದೇವದಾಸನದು ಅಂತ ಮೇಲೆ ಬರೆದಿದ್ದೇನೆ. ಇಷ್ಟುದ್ದದ ಕಾಗದ ಮತ್ತೆ ಬರೆಯಲು ಕೈ ನೋಯುತ್ತದೆ, ಇಲ್ಲೇ ತಿದ್ದುತ್ತೇನೆ. ದೇವದಾಸ್ ಹೇಳಿದ್ದು ಗೇಟಿನ ಆ ಕಡೆ ಒಂದು, ಈ ಕಡೆ ಒಂದು ಹೂಕುಂಡ ಇಡಿ ಅಂತ, ಅಷ್ಟೇ.